ಉಸಿರಿದ್ದಲ್ಲಿ ಮೀನು

ಫೆಬ್ರವರಿ ಕೊನೆಯ ಭಾನುವಾರ ಬಂತೆಂದರೆ ಅಮೆರಿಕದ ಮಿನೆಸೋಟಾ ರಾಜ್ಯದ ಹೆಪ್ಪುಗಟ್ಟಿದ ಕೆರೆಗಳಲ್ಲಿ ವಾಲ್‌ಐ ಅನ್ನುವ ದೊಡ್ಡ ಮೀನು ಹಿಡಿಯುವ ಕಾಲ ಮುಗಿಯುತ್ತದೆ. ಅದು ಕಾನೂನು. ದೊಡ್ಡ ಮೀನಿನವರು ಸರಂಜಾಮು ಕಟ್ಟಿಕೊಂಡು ಮನೆ ಸೇರುತ್ತಾರೆ. ಆಮೇಲೆ ಕೆರೆ ನಮ್ಮಂಥವರದ್ದು. ಅಂಗೈ ಅಗಲದ ಬ್ಲೂಗಿಲ್ಲೋ ಕ್ರಾಪಿಯೋ, ಬಾಣಲೆಗೆ ಬೀಳುವಂಥದ್ದು ಒಂದಿಷ್ಟು ಸಿಕ್ಕರೆ ಸಾಕು ಅನ್ನುವವರದ್ದು.

ನನಗೆ ಆಳ ಕಡಿಮೆ ಇರುವ ಕೆರೆಗಳೇ ಇಷ್ಟ. ಹತ್ತು ಹನ್ನೆರಡು ಅಡಿ ನೀರು, ಮೇಲೆ ದಪ್ಪ ಮಂಜುಗಡ್ಡೆ, ಅದರ ಮೇಲೆ ಹಿಮ. ಕಣ್ಣಿಗೆ ಎಲ್ಲಾ ಕಡೆ ಒಂದೇ ಬಯಲು. ಹೊಸಬರು ಸೀದಾ ನಡುವಿಗೆ ಹೋಗಿ, ಗಾಳ ಬಿಡಲು ತೂತು ಕೊರೆಯಲೆಂದು ಗಡ್ಡೆಗೆ ಬೈರಿಗೆ ಇಳಿಸುತ್ತಾರೆ. ಆಳದಲ್ಲಿ ಬೆಚ್ಚಗಿರುತ್ತದೆ, ಮೀನು ಅಲ್ಲೇ ಇರುತ್ತದೆ ಅಂತ ಲೆಕ್ಕ. ಲೆಕ್ಕ ಅರ್ಧ ಸರಿ. 4 ಡಿಗ್ರಿ ಸೆಲ್ಸಿಯಸ್ಸಿನ ನೀರು ಎಲ್ಲಕ್ಕಿಂತ ಭಾರ, ಅದಕ್ಕೇ ತಳ ಸೇರುತ್ತದೆ. ಆದರೆ ಚಳಿಗಾಲದ ಕೊನೆಗೆ ಮೀನಿಗೆ ಬೇಕಾದದ್ದು ಬೆಚ್ಚಗಿನ ಜಾಗ ಅಲ್ಲ, ಉಸಿರು.

ತಿಂಗಳುಗಟ್ಟಲೆ ಹಿಮ ಕೂತರೆ ಬೆಳಕು ಕೆಳಗೆ ಇಳಿಯುವುದಿಲ್ಲ. ನೀರುಗಿಡಗಳು ಸಾಯುತ್ತವೆ. ಸತ್ತದ್ದು ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ತಿಂದು ಹಾಕುತ್ತದೆ. ಕೆಸರಿನ ತಳವೇ ಮೊದಲು ಖಾಲಿ. ಕೆಟ್ಟ ವರ್ಷಗಳಲ್ಲಿ ಇಂಥ ಕೆರೆಯ ಮೀನೆಲ್ಲ ಒಟ್ಟಿಗೆ ಸತ್ತು, ವಸಂತದಲ್ಲಿ ದಡಕ್ಕೆ ಬಂದು ಬೀಳುವುದೂ ಉಂಟು. ಅದಕ್ಕೇ ಕೆಲವು ಕೆರೆಗಳಿಗೆ ಪಂಪಿಟ್ಟು ಗಾಳಿ ಊದುತ್ತಾರೆ. ಸುತ್ತ ‘ತೆಳು ಗಡ್ಡೆ, ಎಚ್ಚರ’ ಅಂತ ಬೋರ್ಡು. ಮೀನಿನ ಆಸೆಗೆ ಆ ಬೋರ್ಡಿನ ತನಕ ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹಾಗಾಗಿ ಹುಡುಕಬೇಕಾದದ್ದು ಮೀನನ್ನಲ್ಲ, ಹಸಿರನ್ನು. ಗಿಡ ಬದುಕಿದ್ದಲ್ಲಿ ಉಸಿರು. ತೂತು ಕೊರೆದು, ಪೂರಿ ಎತ್ತುವ ಜಾಲರಿ ಸೌಟಿನಂಥದ್ದರಲ್ಲಿ ಚೂರುಗಡ್ಡೆ ತೆಗೆದು, ಗಾಳ ತಳಕ್ಕೆ ಬಿಟ್ಟು ನೀರುಗಿಡದ ಒಂದು ಎಳೆ ಕಿತ್ತು ತರಬೇಕು. ಹಸಿರಾಗಿದ್ದು ಗರಿಗರಿ ಮುರಿದರೆ ಅಲ್ಲೇ ಕೂರಿ. ಕಂದಾಗಿ ಲೋಳೆಯಾಗಿದ್ದು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೈರಿಗೆ ಎತ್ತಿಕೊಂಡು ನಡೆಯಿರಿ. ಮಾರ್ಚಿನಲ್ಲಿ ಹಿಮ ಕರಗಿ ಬೆಳಕು ಇಳಿದರಂತೂ ಮೀನು ದಡದ ಹತ್ತಿರದ ಗಿಡಗಳಿಗೇ ಬರುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಹೆಜ್ಜೆ ಸದ್ದಿಗೂ ಚದುರುತ್ತದೆ. ಆಗ ತೂತಿನಲ್ಲಿ ಸ್ವಲ್ಪ ಚೂರುಗಡ್ಡೆ ಹಾಗೇ ಬಿಡುವುದು ಒಳ್ಳೇದು, ಬೆಳಕು ಕಮ್ಮಿ ಆಗುತ್ತದೆ.

ಕ್ರಾಪಿಯ ಕಣ್ಣು ಮೇಲ್ಗಡೆಗೆ. ಹುಳುವನ್ನು ಅದರ ಮೂತಿಗಿಂತ ಕೆಳಗೆ ಬಿಟ್ಟರೆ ತಿರುಗಿಯೂ ನೋಡುವುದಿಲ್ಲ. ಒಂದಡಿ ಮೇಲೆ ಹಿಡಿಯಬೇಕು. ಅದು ಏರಿ ಬಂದು ಹುಳುವನ್ನು ಮೇಲಕ್ಕೇ ಒಯ್ಯುತ್ತದೆ. ಕೋಲಿನ ತುದಿಯ ಪುಟ್ಟ ಸ್ಪ್ರಿಂಗು ಗಾಳದ ಭಾರಕ್ಕೆ ಬಾಗಿಕೊಂಡಿರುತ್ತದಲ್ಲ, ಅದು ಸುಮ್ನೆ ನೆಟ್ಟಗಾಗುತ್ತದೆ. ಅಷ್ಟೇ ಸುಳಿವು. ಎಳೆತಕ್ಕೆ ಕಾದು ಕೂತವರಿಗೆ ಹುಳು ಖಾಲಿಯಾದ ಗಾಳ. ಜೋರಾಗಿ ಎಳೆದವರಿಗೂ ಅಷ್ಟೇ, ಕಾಗದದಂಥ ತೆಳು ಬಾಯಿ ಹರಿದುಹೋಗುತ್ತದೆ.

ನನ್ನ ಜೊತೆ ಬರುವ ಗೆಳೆಯರು ಉಡುಪಿ ಕಡೆಯವರು. ಸಮುದ್ರ ಕಂಡವರಿಗೆ ಈ ಮೀನು ಒಂದು ಮೀನೇ ಅಲ್ಲ. "ಇದಕ್ಕಿಂತ ದೊಡ್ಡದನ್ನು ನಾವು ಬೆಕ್ಕಿಗೆ ಹಾಕ್ತೇವೆ ಮಾರಾಯ್ರೆ" ಅನ್ನುತ್ತಲೇ ರವೆ, ಖಾರದಪುಡಿ ಡಬ್ಬಿಯಲ್ಲಿ ಕಟ್ಟಿಕೊಂಡು ಬರುತ್ತಾರೆ.

ಮೀನು ಹಿಡಿಯಲು ಗಡ್ಡೆ ಮೇಲೆ ಹಾಕಿಕೊಂಡ ಗುಡಿಸಲುಗಳನ್ನು ರಾಜ್ಯದ ದಕ್ಷಿಣದಲ್ಲಿ ಮಾರ್ಚ್ ಮೊದಲ ಸೋಮವಾರದೊಳಗೆ, ಉತ್ತರದಲ್ಲಿ ಮೂರನೆಯದರೊಳಗೆ ತೆಗೆಯಬೇಕು. ನಡೆಯುವುದಕ್ಕೆ 4 ಇಂಚು ಹೊಸ ಗಡ್ಡೆ ಸಾಕು ಅನ್ನುತ್ತಾರಾದರೂ, ಮಾರ್ಚಿನ ಗಡ್ಡೆ ದಪ್ಪ ಇದ್ದರೂ ಒಳಗೊಳಗೇ ಸೀಳಿ ಸಡಿಲವಾಗಿರುತ್ತದೆ. ಇನ್ನು ಸಾಕು, ಹೊರಡೋಣ ಅಂದೆ.

"ತೆಗೀಬೇಕಾದ್ದು ಗುಡಿಸಲು ಅಲ್ವಾ? ನಮ್ಮ ಹತ್ರ ಇರೋದು ಕೂರೋಕೆ ಬಕೆಟ್ಟು ಮಾತ್ರ ಮಾರಾಯ್ರೆ."

"ಬಕೆಟ್ಟು ತೇಲುತ್ತೆ. ನೀವು?"

ರವೆ ಡಬ್ಬಿಯ ಮುಚ್ಚಳ ಹಾಕಿದರು.