ಷಡ್ಡಕರ ಅಯಸ್ಕಾಂತ

ಮನೆಯ ಶೆಡ್ಡಿನಲ್ಲಿ ಹಳೆಯ ಕಾರೊಂದು ನಿಂತಿದ್ದರೆ ಅದಕ್ಕೆ ಬೆಲೆ ಕಟ್ಟುವವರಿಗೆ ಮಂಗಳೂರಿನಲ್ಲಿ ಬರಗಾಲವಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತರುವ ಹುಡುಗ ಕಟ್ಟುತ್ತಾನೆ. ಕಾಯಿ ಕೀಳಲು ಬಂದವನು ಮರದ ತುದಿಯಿಂದಲೇ ಕಟ್ಟುತ್ತಾನೆ. ಕರೆಂಟಿನ ಮೀಟರ್ ಓದಲು ಬಂದವರು ಮೀಟರಿಗಿಂತ ಹೆಚ್ಚು ಹೊತ್ತು ಕಾರನ್ನು ಓದುತ್ತಾರೆ. "ಕೊಡುತ್ತೀರಾ?" ಎಂಬುದು ಮೊದಲ ಪ್ರಶ್ನೆ. "ಇಲ್ಲ" ಎಂದು ಎಷ್ಟು ಖಡಕ್ಕಾಗಿ ಹೇಳಿದರೂ ಎರಡನೆಯದು ಬಂದೇ ಬರುತ್ತದೆ: "ಅಲ್ಲ, ಕೊಟ್ಟರೆ ಎಷ್ಟು ಬರಬಹುದು?" ಮಾರಾಟಕ್ಕಿಲ್ಲದ ವಸ್ತುವಿನ ಬೆಲೆ ಗೊತ್ತಾಗದೆ ಹೋದರೆ ಅವರಿಗೆ ಆ ದಿನದ ಬಂಗುಡೆ ಸಾರು ಗಂಟಲಿನಲ್ಲಿ ಇಳಿಯುವುದಿಲ್ಲ.

ಇವರನ್ನೆಲ್ಲ ಸಹಿಸಿಕೊಂಡೇ ಬಂದಿದ್ದೇನೆ. ಕಳೆದ ಭಾನುವಾರ ಬಂದವರನ್ನು ಸಹಿಸುವುದು ಕಷ್ಟವಾಯಿತು. ಗೇಟು ಹಾಕಿಕೊಳ್ಳುವಂತೆಯೂ ಇರಲಿಲ್ಲ, ಏಕೆಂದರೆ ಅವರು ನನ್ನ ಷಡ್ಡಕರು.

ಕಾರು ಅಪ್ಪನದು, ಸ್ಟ್ಯಾಂಡರ್ಡ್ ಹೆರಾಲ್ಡ್. ಅಂಬಾಸಿಡರ್ ಎಂದರೆ ಎಲ್ಲರಿಗೂ ಗೊತ್ತು, ಫಿಯೆಟ್ ಎಂದರೂ ಗೊತ್ತು. ಅವೆರಡರ ಜೊತೆಗೆ ರಸ್ತೆಯಲ್ಲಿದ್ದ ಈ ಮೂರನೆಯದನ್ನು ಊರು ಮರೆತೇ ಬಿಟ್ಟಿದೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಇದರ ಮೂಲ. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. 1961ರಿಂದ 1971ರವರೆಗೆ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. 948 ಸಿಸಿಯ ಸಣ್ಣ ಎಂಜಿನ್. ಬಾನೆಟ್ ಎತ್ತಿದರೆ ಮಡ್‌ಗಾರ್ಡು, ದೀಪ ಸಮೇತ ಇಡೀ ಮುಖವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೇಸ್ತ್ರಿ ಮುಂದಿನ ಚಕ್ರದ ಮೇಲೆ ಆರಾಮವಾಗಿ ಕುಳಿತು ಕೆಲಸ ಮಾಡಬಹುದು. ನಮ್ಮ ಮೇಸ್ತ್ರಿ ಕುಳಿತುಕೊಳ್ಳುವ ಭಾಗವನ್ನು ತಪ್ಪದೆ ಪಾಲಿಸುತ್ತಾರೆ. ತಿರುಗಿಸಲು 25 ಅಡಿ ಜಾಗ ಸಾಕು. ಜೆಪ್ಪುವಿನ ನಮ್ಮ ಓಣಿಯಲ್ಲಿ ಇಂದಿನ ದಪ್ಪ ದಪ್ಪ ಕಾರುಗಳು ಹಿಂದೆ ಮುಂದೆ ಹೋಗಿ ಪಕ್ಕದ ಮನೆಯ ದಾಸವಾಳವನ್ನು ನೆಲಸಮ ಮಾಡುವ ಕಡೆ ಇದು ಒಂದೇ ಉಸಿರಿಗೆ ತಿರುಗುತ್ತದೆ. ಸ್ಟಾರ್ಟ್ ಆದ ದಿನ.

ಷಡ್ಡಕರ ತಲೆ ಕೆಡಿಸಿದ್ದು ಮೊಬೈಲ್. 1955ರ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್‌ಆರ್ ಕೂಪೆಯೊಂದು 2022ರಲ್ಲಿ 13.5 ಕೋಟಿ ಯೂರೋಗೆ ಹರಾಜಾಗಿದೆ. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ. ಆ ಕಂಪನಿ ಅಂಥದ್ದನ್ನು ಮಾಡಿದ್ದೇ ಎರಡು. ಇದನ್ನು ಓದಿ ಹೇಳಿದ ಷಡ್ಡಕರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನಿನ್ನದು ಮಂಗಳೂರಿನಲ್ಲಿ ಎಷ್ಟಿವೆ?" ಎಂದು ಕೇಳಿದರು.

"ನನ್ನ ಕಣ್ಣಿಗೆ ಬಿದ್ದದ್ದು ಇದೊಂದೇ ಅಣ್ಣ."

"ನೋಡು ಮಾರಾಯ, ಅದಕ್ಕಿಂತ ಅಪರೂಪ!"

ಇವರು ಬ್ಯಾಂಕಿನಲ್ಲಿ ಚಿನ್ನದ ಸಾಲದ ಮೇಜಿನ ಹಿಂದೆ ಆಯುಷ್ಯ ಕಳೆದು ನಿವೃತ್ತರಾದವರು. ಊರವರ ಬಳೆ, ಸರಗಳನ್ನು ಒರೆಗಲ್ಲಿಗೆ ಉಜ್ಜುವುದನ್ನು ನೋಡಿ ನೋಡಿ ಲೋಕವೆಲ್ಲ ಗಿಲೀಟು ಎಂಬ ಅನುಮಾನ ಅವರಲ್ಲಿ ಗಟ್ಟಿಯಾಗಿದೆ. ಮದುವೆಯೂಟದಲ್ಲಿ ತುಪ್ಪ ಬಡಿಸಿದರೆ ಮೊದಲು ಮೂಸುತ್ತಾರೆ, ಆಮೇಲೆ ಬಡಿಸಿದವನ ಮುಖ ನೋಡುತ್ತಾರೆ. ಹೀಗಾಗಿ ಸಾವಿರ ಕೋಟಿಯ ಆಸೆ ಹುಟ್ಟಿದ ಕ್ಷಣದಲ್ಲೇ ಸಂಶಯವೂ ಹುಟ್ಟಿತು. ಜೇಬಿಗೆ ಕೈ ಹಾಕಿ ಅಯಸ್ಕಾಂತ ತೆಗೆದರು.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸುವ, ಮಾವಿನಹಣ್ಣಿನ ಆಕಾರದ ಅಯಸ್ಕಾಂತ ಅದು. ಅದರ ತತ್ವದ ಬಗ್ಗೆ ನನಗೆ ತಕರಾರಿಲ್ಲ. ತಗಡು ಜಜ್ಜಿಹೋದಲ್ಲಿ ಪುಟ್ಟಿ ದಪ್ಪಗೆ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ. ಹಳೆಯ ಕಾರು ಕೊಳ್ಳುವವರು ಎಲ್ಲ ಕಡೆಯೂ ಮಾಡುವ ಪರೀಕ್ಷೆಯೇ. ಆದರೆ ಅದು ಹೇಳುವುದು ಅಷ್ಟನ್ನೇ. ಹೆರಾಲ್ಡಿನ ಬಾಡಿ ಬೋಲ್ಟು ಹಾಕಿ ಜೋಡಿಸಿದ ಬಿಡಿ ಭಾಗಗಳ ಸಂಸಾರ. ಒಂದರ ಬಾಗಿಲನ್ನು ಬಿಚ್ಚಿ ಮತ್ತೊಂದಕ್ಕೆ ಕೂರಿಸಿದರೆ, ಅದು ಯಾವ ಕಾರಿನಲ್ಲಿ ಹುಟ್ಟಿತೆಂದು ಪಾಪ ಮಾವಿನಹಣ್ಣಿಗೆ ಹೇಗೆ ಗೊತ್ತಾಗಬೇಕು? ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ "ಟಕ್" ಎಂದಿತು.

"ತಗಡು!" ಎಂದು ಘೋಷಿಸಿದರು. ಒಂದು ಗೇಣು ಪಕ್ಕಕ್ಕೆ ಸರಿಸಿದರು. "ಟಕ್. ತಗಡು!" ಮತ್ತೊಂದು ಗೇಣು. ಬಾನೆಟ್ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಮಕ್ಕಳು ಆವರಣದ ಗೋಡೆ ಹತ್ತಿ ಕುಳಿತು ಅವರೊಂದಿಗೆ "ತಗಡು!" ಎಂದು ಕೂಗತೊಡಗಿದ್ದರು. ಇದರಿಂದ ಷಡ್ಡಕರ ಉತ್ಸಾಹ ಏರಿತು. ಚಕ್ರದ ಟೋಪಿಗೆ ಇಟ್ಟರು, ಹಿಡಿಯಿತು. ಕನ್ನಡಿಯ ಗಾಜಿಗೆ ಇಟ್ಟರು, ಬಿತ್ತು. ಗಾಜೂ ಡೂಪ್ಲಿಕೇಟ್ ಇರಬಹುದೆಂಬಂತೆ ಹುಬ್ಬು ಗಂಟಿಕ್ಕಿದರು. ಶೆಡ್ಡಿನ ಕಂಬ, ಬಾವಿಯ ರಾಟೆ, ಗೇಟಿನ ಚಿಲಕ, ಯಾವುದೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ನನ್ನ ಹೆಂಡತಿ ಕಾಫಿ ತಂದಳು. ಲೋಟ ಕೈಗೆ ಬರುತ್ತಲೇ ಅವರ ಇನ್ನೊಂದು ಕೈ ತಾನಾಗಿ ಅಯಸ್ಕಾಂತವನ್ನು ಅದಕ್ಕೆ ಮುಟ್ಟಿಸಿತು. ಹಿಡಿಯಲಿಲ್ಲ.

"ಇದು ಒರಿಜಿನಲ್ ಸ್ಟೀಲ್ ಅಲ್ಲ" ಎಂದರು.

"ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ ಭಾವ" ಎಂದಳು ಇವಳು, ತಣ್ಣಗೆ. "ಅಮ್ಮ ಕೊಟ್ಟ ಲೋಟ. ನಿಮಗೂ ಅಕ್ಕನ ಮದುವೆಯಲ್ಲಿ ಇದೇ ಸೆಟ್ಟು ಕೊಟ್ಟಿದ್ದರು."

ಕಾಫಿ ಬಿಸಿಯಿತ್ತು, ಆದರೂ ಒಂದೇ ಗುಟುಕಿಗೆ ಮುಗಿಯಿತು.

ಎಡಗಡೆಯ ಮಡ್‌ಗಾರ್ಡಿನಲ್ಲಿ ಅವರು ಕಾಯುತ್ತಿದ್ದ ಗಳಿಗೆ ಬಂತು. ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಹೆಕ್ಕಿ ಇಟ್ಟರು, ಮತ್ತೆ ಬಿತ್ತು. "ಪುಟ್ಟಿ! ನಾನು ಆಗಲೇ ಹೇಳಿದೆ!" ಎಂದು ಕುಣಿದರು. ಅವರು ಏನೂ ಹೇಳಿರಲಿಲ್ಲ. ಅಲ್ಲಿ ಪುಟ್ಟಿ ಇರುವುದು ನಿಜ. ಒಂದು ಮಳೆಗಾಲದ ರಾತ್ರಿ ಅಂಗಳದ ಮರದಿಂದ ಕಾಯಿ ಬಿದ್ದು ಅಲ್ಲಿ ತಪ್ಪಲೆಯಷ್ಟು ಗುಂಡಿಯಾಗಿತ್ತು. ಅಪ್ಪ ಟಾರ್ಚು ಹಿಡಿದು, ತಲೆಗೆ ಬೈರಾಸು ಸುತ್ತಿ ಓಡಿ ಬಂದು, ಗುಂಡಿಯನ್ನು ಬಹಳ ಹೊತ್ತು ನೇವರಿಸಿದರು. ಅಮ್ಮ ಮೆಟ್ಟಿಲಿನಿಂದ, "ಕಾಯಿ ಎತ್ತ ಹೋಯಿತು ನೋಡಿ" ಎಂದರು. ಮರುದಿನ ನೀರುದೋಸೆಯ ಜೊತೆಗಿನ ಚಟ್ನಿ ಆ ಕಾಯಿಯದೇ. ಅಪ್ಪ ಅದನ್ನು ಮುಟ್ಟಲಿಲ್ಲ. ಟಿಂಕರಿಂಗ್‌ನವನಿಗೆ ಕೊಡಲು ಹಣ ಕೂಡಿದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ. ಅಷ್ಟರವರೆಗೆ ಮಳೆ ನಿಂತಾಗಲೆಲ್ಲ ಬಟ್ಟೆ ತಂದು ಗುಂಡಿಯ ನೀರು ಒರೆಸುತ್ತಿದ್ದರು. ಇದನ್ನು ಯಾವ ಕಾಲಮಿನಲ್ಲಿ ಬರೆದು ಎಷ್ಟು ಕಳೆಯಬೇಕು?

ಷಡ್ಡಕರು ಕಳೆದದ್ದು ಹತ್ತು ಸಾವಿರ.

ನಿಜವಾಗಿ ನೋಡಬೇಕಾದ್ದನ್ನು ಮಾತ್ರ ಅವರು ನೋಡಲಿಲ್ಲ. ಚಾಸಿಯ ಮೇಲಿನ ಸಂಖ್ಯೆ, ಎಂಜಿನ್ನಿನ ಮೇಲಿನ ಸಂಖ್ಯೆ, ಇವೆರಡೂ ಆರ್‌ಸಿ ಪುಸ್ತಕದಲ್ಲಿ ಇರುವಂತೆಯೇ ಇವೆಯೇ. ಯಾರಾದರೂ ಉಜ್ಜಿ ಮತ್ತೆ ಹೊಡೆದ ಗುರುತಿದೆಯೇ. ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸ ಆರ್‌ಟಿಒ ಬಾಗಿಲು ತುಳಿದವರಿಗೆಲ್ಲ ಗೊತ್ತು. ಆಮೇಲೆ ಕಾರಿನ ಅಡಿಗೆ ತೂರಬೇಕು. ಅಂಬಾಸಿಡರಿನಂತೆ ಬಾಡಿಯೇ ಚಾಸಿಯಾಗಿರುವ ಕಾರಲ್ಲ ಇದು. ಕೆಳಗೆ ಬೇರೆಯೇ ಚೌಕಟ್ಟಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ, ಉಳಿದ ತಿಂಗಳು ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ಆ ಚೌಕಟ್ಟು ಎಷ್ಟು ಉಳಿದಿದೆ ಎಂಬುದರ ಮೇಲೆ ಬೆಲೆ ನಿಂತಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದವರು ಅಡಿಗೆ ತೂರುತ್ತಾರೆಯೇ?

ಬದಲಿಗೆ ವರಾಂಡದಲ್ಲಿ ಕುಳಿತು ಕಾನೂನು ಓದಿದರು. 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಹೊಸ ನೋಂದಣಿಗೆ 20,000 ರೂಪಾಯಿ; ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಇಂಥವಕ್ಕೆ ಮಾತ್ರ ರಸ್ತೆ.

"ಹಾಗಾದರೆ ಮೀನಿಗೆ ಹೋಗುವ ಹಾಗಿಲ್ಲವೇ?" ಎಂದಳು ಹೆಂಡತಿ. ಸ್ವಲ್ಪ ಯೋಚಿಸಿ, "ಬಂದರಿನ ದಾರಿಯಲ್ಲಿ ಪೆಟ್ರೋಲ್ ಬಂಕ್ ಇದೆಯಲ್ಲ" ಎಂದಳು. ನಮ್ಮ ಮನೆಯಲ್ಲಿ ಕಾನೂನು ಬಲ್ಲವರು ಯಾರೆಂದು ಆಗ ಗೊತ್ತಾಯಿತು.

"ಪುಟ್ಟಿ ಬಿದ್ದ ಮೇಲೆ ಒರಿಜಿನಲ್ ಎನ್ನುವುದು ಹೇಗೆ?" ಎಂದು ಷಡ್ಡಕರು ಮತ್ತೆ ಎಳೆದರು. ನಾನು ಬೆಂಟ್ಲಿಯ ಕಥೆ ತೆಗೆದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟ ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಕಾರು. ಓಟಗಳಲ್ಲಿ ಸವೆದು, ಅಪಘಾತಕ್ಕೆ ಸಿಕ್ಕಿ, ಎಂಜಿನ್ನೂ ಬಾಡಿಯೂ ಬದಲಾಗಿ, ಹಳೆಯ ಭಾಗ ಎಲ್ಲಿದೆ ಎಂದು ಹುಡುಕಬೇಕಾದ ಸ್ಥಿತಿ. ಒಂದು ಕೋಟಿ ಪೌಂಡಿಗೆ ಮಾತಾದ ಮೇಲೆ ಕೊಳ್ಳುವವರು "ಇದು ಅದಲ್ಲ" ಎಂದು ಹಿಂಜರಿದರು. 1990ರಲ್ಲಿ ಲಂಡನ್ನಿನ ಹೈಕೋರ್ಟು, ಇದೇ ಅದು ಎಂದಿತು. ಒಂದು ಕಾರಿನಿಂದ ಇನ್ನೊಂದಕ್ಕೆ ಹಾರದೆ ಅದರ ಚರಿತ್ರೆ ಒಂದೇ ಆಗಿ ಹರಿದು ಬಂದಿದೆಯಲ್ಲ ಎಂಬುದು ಅದಕ್ಕೆ ಆಧಾರ.

"ಅದು ಲಂಡನ್" ಎಂದರು ಷಡ್ಡಕರು.

"ಸರಿ ಅಣ್ಣ. ನೀವು ಸೇರಿದ ಬ್ಯಾಂಕು ವಿಲೀನವಾಗಿ ಹೆಸರು ಹೋಯಿತು, ಬೋರ್ಡು ಹೋಯಿತು, ಪಾಸ್‌ಪುಸ್ತಕ ಬದಲಾಯಿತು. ಪಿಂಚಣಿ ಒರಿಜಿನಲ್ಲೋ ಅಲ್ಲವೋ?"

ಉತ್ತರ ಬರಲಿಲ್ಲ. ನೋಟ ಮೇಲಕ್ಕೆ ಹೋಯಿತು. ಶೆಡ್ಡಿನ ಮಾಡಿನಿಂದ ಜಾರಿದ್ದ ಒಂದು ಹಂಚನ್ನು ತೆಗೆದು ತಿರುವಿ ನೋಡಿದರು. ಬಾಸೆಲ್ ಮಿಷನ್ ಮುದ್ರೆ, ಕೆಳಗೆ 1865. "ಕಾರು ಬಿಡು ಮಾರಾಯ, ನೂರೈವತ್ತು ವರ್ಷಕ್ಕೂ ಹಳೆಯ ಹಂಚು! ರೆಸಾರ್ಟಿನವರು ಹುಡುಕಿಕೊಂಡು ಬರುತ್ತಾರೆ." 1865 ಎಂಬುದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ ಎಂದು ಹೇಳಿದರೆ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆಗಲೇ ಸಾಲು ಲೆಕ್ಕ ಹಾಕುತ್ತಿದ್ದರು. ಹೊರಡುವಾಗ ಲಕೋಟೆಯ ಹಿಂಬದಿಯಲ್ಲಿ ಬರೆದುಕೊಟ್ಟ ಅಂದಾಜಿನಲ್ಲಿ ಹೆರಾಲ್ಡಿಗಿಂತ ಅದರ ಮಾಡಿಗೆ ಹೆಚ್ಚು ಬೆಲೆ ಇತ್ತು.

ರಾತ್ರಿ ಫೋನ್ ಬಂತು. "ಅಯಸ್ಕಾಂತ ನಿಮ್ಮಲ್ಲಿ ಉಳಿಯಿತೇನೋ? ಇಲ್ಲಿ ಫ್ರಿಜ್ಜಿನ ಮೇಲಿದ್ದ ಹಾಲಿನ ಲೆಕ್ಕದ ಚೀಟಿ ಕಾಣುವುದಿಲ್ಲ ಎಂದು ನಿನ್ನ ಅತ್ತಿಗೆ ನನ್ನ ಪ್ರಾಣ ತಿನ್ನುತ್ತಿದ್ದಾಳೆ."

ಟಾರ್ಚು ಹಿಡಿದು ಹೋಗಿ ನೋಡಿದೆ. "ಇದೆ ಅಣ್ಣ. ಎಡಬದಿಯ ಬಾಗಿಲಿಗೆ ಕಚ್ಚಿಕೊಂಡಿದೆ."

"ಗಟ್ಟಿಯಾಗಿ?"

"ಎಳೆದರೂ ಬರುವುದಿಲ್ಲ."

"ಹಾಗಾದರೆ ಆ ಬಾಗಿಲು ಅಪ್ಪಟ ಒರಿಜಿನಲ್. ಅಂದಾಜಿಗೆ ಇನ್ನೊಂದು ಐದು ಸಾವಿರ ಸೇರಿಸಿಕೋ."

ಆ ಬಾಗಿಲನ್ನು ಅಪ್ಪ ಕೊಯಮತ್ತೂರಿನ ಗುಜರಿಯಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದರು. ಸೇರಿಸಿಕೊಂಡೆ.