ಬೆಟ್ಟ ಹತ್ತುವ ಬಂಡಿ, ಎಂಟನೇ ಕ್ರಾಸಿನ ಹಾದಿ

ಬಿಸಿಲೆ ಘಾಟಿಯ ಕೆಸರಿನಲ್ಲಿ ಓಡಿಸುತ್ತೇನೆಂದು ಮನೆಯವರನ್ನೆಲ್ಲ ನಂಬಿಸಿ ಕೊಂಡ ನಮ್ಮ ದೊಡ್ಡ ಜೀಪು ಬೆಂಗಳೂರಿಗೆ ಬಂದು ಎರಡು ವರ್ಷಗಳಾದವು. ಇಷ್ಟು ದಿನಗಳಲ್ಲಿ ಅದು ಕಂಡಿರುವ ಅತ್ಯಂತ ದುರ್ಗಮ ಪ್ರದೇಶವೆಂದರೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಅಲ್ಲಿಯ ಎರಡು ಕಂಬಗಳ ನಡುವೆ ಅದನ್ನು ನಿಲ್ಲಿಸಿದ ಮೇಲೆ ಬಾಗಿಲು ಒಂದು ಗೇಣಷ್ಟೇ ತೆರೆಯುವುದರಿಂದ, ನಾನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡು ಇಳಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಇದರಿಂದ ಸುಖವೇ ಇಲ್ಲವೆಂದಲ್ಲ. ತೆರಿಗೆಯ ಲೆಕ್ಕದಲ್ಲಿ ವಾಹನವೊಂದು ಎಸ್‌ಯುವಿ ಎನಿಸಿಕೊಳ್ಳಬೇಕಾದರೆ ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಕನಿಷ್ಠ 170 ಮಿಲಿಮೀಟರ್ ಅಂತರವಿರಬೇಕೆಂದೂ, ಆ ಅಳತೆಯನ್ನು ವಾಹನ ಖಾಲಿ ಇರುವಾಗಲೇ ತೆಗೆಯಬೇಕೆಂದೂ ಜಿಎಸ್‌ಟಿ ಮಂಡಳಿಯು 2023ರ ಜುಲೈನಲ್ಲಿ ಸ್ಪಷ್ಟಪಡಿಸಿತು. ರಸ್ತೆ ಉಬ್ಬಿನ ಎತ್ತರ 10 ಸೆಂಟಿಮೀಟರ್ ಇರಬೇಕೆನ್ನುತ್ತದೆ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ನಮ್ಮ ಬೀದಿಯ ಉಬ್ಬಾದರೋ ಯಾವ ಮಾರ್ಗಸೂಚಿಗೂ ಬಗ್ಗದೆ, ರಾತ್ರೋರಾತ್ರಿ ಹುತ್ತದಂತೆ ಎದ್ದದ್ದು. ಸಣ್ಣ ಕಾರುಗಳು ಅದರ ಮೇಲೆ ಹೊಟ್ಟೆ ಉಜ್ಜಿಕೊಂಡು ನರಳುತ್ತ ಸಾಗುವಾಗ ನಾನು ಅಂಬಾರಿಯ ಮೇಲೆ ಕುಳಿತವನಂತೆ ದಾಟಿಹೋಗುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಕೊಡುವ ಹಣಕ್ಕೆ ಪ್ರತಿಯಾಗಿ ಸಿಗುವ ಸುಖ ಇಷ್ಟೇ.

ಆದರೆ ಅಂಬಾರಿಗೆ ಹತ್ತಬೇಕಲ್ಲ! ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಹೂವು, ಬಾಳೆಕಂದು ತರಲು ಮಲ್ಲೇಶ್ವರದ 8ನೇ ಕ್ರಾಸಿಗೆ ಹೊರಟಾಗ, ನಮ್ಮ ಅತ್ತೆಯವರು ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲೂ ಬಾಗಿಲ ಹಿಡಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಮೂರು ಬಾರಿ ಪ್ರಯತ್ನಿಸಿ ಸೋತರು. ಕೊನೆಗೆ ಅಡುಗೆಮನೆಯಿಂದ ಪ್ಲಾಸ್ಟಿಕ್ ಸ್ಟೂಲ್ ತರಿಸಬೇಕಾಯಿತು. "ಅಳಿಯಂದಿರೇ, ಇದಕ್ಕಿಂತ ಶಿವಗಂಗೆ ವಾಸಿ. ಅಲ್ಲಿ ಮೆಟ್ಟಿಲಾದರೂ ಇದೆ" ಎಂದು ಒಳಗೆ ಕುಳಿತ ಮೇಲೆ ಹೇಳಿದರು. ಇಳಿಯಲು ಬೇಕಾದೀತೆಂದು ಸ್ಟೂಲನ್ನೂ ಜೊತೆಗೆ ಹಾಕಿಕೊಂಡೆವು.

ದಾರಿಯಲ್ಲಿ ಪೈಪು ಹಾಕಲು ಅಗೆದು ಅರ್ಧಂಬರ್ಧ ಮುಚ್ಚಿದ್ದ ಕಡೆ ಒಂದು ಗೇಣು ಕೆಸರಿತ್ತು. ಜೀಪು ಕೊಂಡಾಗಿನಿಂದ ಕಾಯುತ್ತಿದ್ದ ಗಳಿಗೆ ಅದು. ಅತ್ತೆಯವರಿಗೆ ಕಾಣುವಂತೆ ಸಣ್ಣ ಲಿವರನ್ನು ಎಳೆದು ನಾಲ್ಕು ಚಕ್ರಗಳಿಗೂ ಬಲ ಕೊಟ್ಟು ಗಂಭೀರವಾಗಿ ದಾಟಿದೆ. ಸ್ಕೂಟರಿನವರೂ ಅದನ್ನು ದಾಟಿದರೆಂಬುದು ಬೇರೆ ಮಾತು. ಲಿವರನ್ನು ಹಿಂದಕ್ಕೆ ಹಾಕುವುದನ್ನು ಮಾತ್ರ ಮರೆತೆ.

ನಮ್ಮದರಂಥ ಜೀಪಿನಲ್ಲಿ ಆ ಲಿವರ್ ಎಳೆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಯಾವುದಾದರೊಂದು ಚಕ್ರ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಂಬರು ಜಾರಲು ಬಿಡದು. ಈ ವಿಷಯ ಮಾಲೀಕರ ಕೈಪಿಡಿಯಲ್ಲಿದೆಯೆಂದು ಆಮೇಲೆ ಓದಿ ತಿಳಿದುಕೊಂಡೆ. 8ನೇ ಕ್ರಾಸಿನಲ್ಲಿ ಬಾಳೆಕಂದಿನ ರಾಶಿಗೂ ಒಂದು ಆಟೋಗೂ ನಡುವೆ ನಿಲ್ಲಿಸಲು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ, ಜೀಪು ಮೊದಲು ಗೊರಗುಟ್ಟಿ, ಆಮೇಲೆ ನೊಗಕ್ಕೆ ಒಗ್ಗದ ಹೋರಿಯಂತೆ ಕುಪ್ಪಳಿಸತೊಡಗಿತು. ಬಾಳೆಕಂದಿನಾಕೆ ತನ್ನ ರಾಶಿಯನ್ನು ಅಪ್ಪಿಕೊಂಡು ನಿಂತಳು. ಹಿಂದೆ ಹಾರ್ನುಗಳ ಮೇಳ ಶುರುವಾಯಿತು.

ಆಟೋ ಚಾಲಕ ನಿಧಾನವಾಗಿ ಇಳಿದು ಬಂದು, ಕಿಟಕಿಯೊಳಗೆ ಇಣುಕಿ, "ಸಾರ್, ಫೋರ್ ವೀಲಲ್ಲಿದೆ ನೋಡಿ. ಸ್ಟಿಯರಿಂಗ್ ನೇರ ಮಾಡ್ಕೊಂಡು ಸ್ವಲ್ಪ ರಿವರ್ಸ್ ತಗೊಳ್ಳಿ, ಲಿವರ್ ಬಿಡುತ್ತೆ" ಎಂದ. ಹಾಗೆಯೇ ಮಾಡಿದೆ, ಬಿಟ್ಟಿತು. ಅಷ್ಟರಲ್ಲಿ ಅತ್ತೆಯವರು ಯಾರ ನೆರವೂ ಇಲ್ಲದೆ, ಸ್ಟೂಲನ್ನೂ ಕೇಳದೆ, ಕೆಳಗಿಳಿದಿದ್ದರು. ನಿಲ್ಲಿಸಲು ಜಾಗ ಹುಡುಕುತ್ತ ನಾನು ಬೀದಿಗಳನ್ನು ಸುತ್ತುತ್ತಿದ್ದಾಗ, ಅವರು ಹೂವು, ಬಾಳೆಕಂದು, ಮಾವಿನ ಸೊಪ್ಪು ಎಲ್ಲವನ್ನೂ ಚೌಕಾಸಿ ಮಾಡಿ ಕೊಂಡು, ಅದೇ ಆಟೋದಲ್ಲಿ ನನಗಿಂತ ಅರ್ಧ ಗಂಟೆ ಮೊದಲೇ ಮನೆ ಸೇರಿದರು. ನನ್ನ ಜೊತೆ ಜೀಪಿನಲ್ಲಿ ಬಂದದ್ದು ಪ್ಲಾಸ್ಟಿಕ್ ಸ್ಟೂಲ್ ಮಾತ್ರ.