ದುರಂತ ನಡೆದ ಊರಿಗೆ ಸ್ವಯಂಸೇವಕರು ಹೋಗಬೇಕಾ?

ಪರ: ಹೋಗಬೇಕು, ಸೌದೆ ಒಡೆಯೋಕಾದರೂ

2015ರ ಏಪ್ರಿಲ್ 25 ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರವೇ. ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಇರುವಾಗ ನೆಲ ನಡುಗಿತು. ತೀವ್ರತೆ 7.8. ಸುಮಾರು 9 ಸಾವಿರ ಜನ ಸತ್ತರು. 30 ಸಾವಿರಕ್ಕೂ ಜಾಸ್ತಿ ಶಾಲಾ ಕೋಣೆಗಳು ಬಿದ್ದವು, ಇಲ್ಲವೇ ಒಳಗೆ ಕಾಲಿಡಲಾಗದಷ್ಟು ಹಾಳಾದವು. ಅವತ್ತು ಶುಕ್ರವಾರ ಆಗಿದ್ದಿದ್ದರೆ ಅಂತ ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ನಾನು ಹೋಗಿದ್ದು ಆ ವರ್ಷ ನವೆಂಬರಿನಲ್ಲಿ. ಧಾರವಾಡದಿಂದ ಹೊರಟ ಹನ್ನೊಂದು ಜನರಲ್ಲಿ ನಾನೂ ಒಬ್ಬಳು. ಹೊಸ ಸಂವಿಧಾನ ಬಂದ ಮೇಲೆ ಭಾರತದ ಗಡಿಗೆ ಹೊಂದಿಕೊಂಡ ತರಾಯಿ ಬಯಲು ಪ್ರದೇಶದಲ್ಲಿ ಚಳವಳಿ ಎದ್ದು, ಗಡಿಯಲ್ಲಿ ಲಾರಿಗಳು ನಿಂತಿದ್ದವು. ಒಳಗೆ ಗ್ಯಾಸ್ ಇಲ್ಲ, ಡೀಸೆಲ್ ಇಲ್ಲ. ಇದಕ್ಕೆಲ್ಲ ಭಾರತವೇ ಕಾರಣ ಅಂತ ಅಲ್ಲಿನವರಿಗೆ ಸಿಟ್ಟು. ಚಹಾ ಅಂಗಡಿಯಲ್ಲಿ ನಾವು ಭಾರತದವರು ಅಂದ ಕೂಡಲೇ ಮಾತು ನಿಂತುಬಿಡುತ್ತಿತ್ತು.

ಕಾಠ್ಮಂಡು ಕಣಿವೆಯ ಅಂಚಿನ ಒಂದು ಮಕ್ಕಳ ಆಶ್ರಮದಲ್ಲಿ ಉಳಿದೆವು. ಹದಿನೆಂಟು ಮಕ್ಕಳು. ಕಟ್ಟಡ ಬಿರುಕು ಬಿಟ್ಟಿದ್ದರಿಂದ ಮಲಗೋದು ಟಾರ್ಪಾಲಿನ ಕೆಳಗೆ. ಅಡುಗೆಗೆ ಒಬ್ಬರೇ ಒಬ್ಬರು, ಐವತ್ತು ದಾಟಿದ ಹೆಂಗಸು. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿತ್ತು. ಮೊದಲ ಮೂರು ದಿನ ನಾನು ಮಾಡಿದ್ದು ಸೌದೆ ಒಡೆಯೋದು, ಪಾತ್ರೆ ತಿಕ್ಕೋದು, ಅಷ್ಟೇ. ನಾಲ್ಕನೇ ದಿನ ಆಕೆ ತಮ್ಮ ತಟ್ಟೆಯ ಪಕ್ಕದಲ್ಲೇ ನನ್ನ ತಟ್ಟೆಯನ್ನೂ ಇಟ್ಟು ದಾಲ್ ಭಾತ್ ಬಡಿಸಿದರು. ದೇಶದ ಮೇಲಿನ ಸಿಟ್ಟು ನನ್ನ ಮೇಲೆ ಇರಲಿಲ್ಲ. ಇಂಥದ್ದು ಮನಿ ಆರ್ಡರಿನಿಂದ ಆಗೋದಿಲ್ಲ.

ಅಲ್ಲಿಂದ ಬೆಟ್ಟ ಹತ್ತಿ ಶಾಲೆ ಕೆಲಸಕ್ಕೆ ಹೋಗುತ್ತಿದ್ದೆವು. ಗೋಡೆ ಏರಿಸೋರು ಅಲ್ಲಿನ ಮೇಸ್ತ್ರಿಗಳೇ. ನಮ್ಮದು ಕಲ್ಲು ಸಾಗಿಸೋದು, ಮರಳು ಹೊರೋದು. ನಮ್ಮ ಪಕ್ಕದಲ್ಲಿ ಅಜ್ಜಿಯರು ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲಿನ ಡೋಕೋ ಬುಟ್ಟಿಯಲ್ಲಿ ಮರಳು ತರುತ್ತಿದ್ದರು. ಸರ್ಕಾರದ ಪುನರ್ನಿರ್ಮಾಣ ಪ್ರಾಧಿಕಾರ ಆಗ ಇನ್ನೂ ಕೆಲಸವನ್ನೇ ಶುರು ಮಾಡಿರಲಿಲ್ಲ. ಮೇ ಕೊನೆಯಿಂದ ಮಕ್ಕಳು ಕೂತಿದ್ದು ಬಿದಿರು, ಟಾರ್ಪಾಲು, ತಗಡಿನ ಕೆಳಗೆ. ಮಳೆಗಾಲದಲ್ಲಿ ತಗಡಿನ ಸದ್ದಿಗೆ ಪಾಠ ಕೇಳಿಸದೆ, ಬರೀ ಬೋರ್ಡಿನ ಮೇಲೆ ಬರೆಯುತ್ತಿದ್ದೆ ಅಂದರು ಅಲ್ಲಿನ ಮೇಷ್ಟ್ರು. ಆ ಮಕ್ಕಳಿಗೆ ಸರ್ಕಾರ ಬರುವ ತನಕ ಕಾಯಿರಿ ಅನ್ನೋಕಾಗುತ್ತಾ?

ಬಂದು ಹೋಗೋರಿಂದ ಏನು ಲಾಭ ಅಂತ ಕೇಳುತ್ತಾರೆ. ನಾವು ಮರೆತಿಲ್ಲ, ಅದೇ ಲಾಭ. ನೇಪಾಳದಲ್ಲಿ ಶಾಲೆ ಶುರುವಾಗೋದು ವೈಶಾಖದಲ್ಲಿ. ಪ್ರತಿ ವರ್ಷ ಆ ಹೊತ್ತಿಗೆ ನಮ್ಮ ಹನ್ನೊಂದು ಜನರ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ಪುಸ್ತಕಕ್ಕೆ, ಬೂಟಿಗೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕುತ್ತೇವೆ. ಹೋಗದೇ ಇದ್ದಿದ್ದರೆ ಒಂದು ಸಲ ಐನೂರು ರೂಪಾಯಿ ಕಳಿಸಿ ನಾನೂ ಸುಮ್ಮನಾಗುತ್ತಿದ್ದೆ.

ವಿರೋಧ: ಆ ಮಗುವಿಗೆ ಅಪ್ಪ ಇದ್ದಾರೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ವಾಚ್‌ಮನ್ ನೇಪಾಳದವರು. ಭೂಕಂಪವಾಗಿ ವರ್ಷ ಆಗಿತ್ತು. ಒಂದು ಸಂಜೆ ಫೋನ್ ಮುಂದೆ ಹಿಡಿದು, 'ಸಾರ್, ಇದೇನು ಬರೆದಿದ್ದಾರೆ ಓದಿ ಹೇಳಿ' ಅಂದರು. ಎಂಟೊಂಬತ್ತು ವರ್ಷದ ಹುಡುಗಿ, ಪಕ್ಕದಲ್ಲಿ ವಿದೇಶದ ಯುವಕರು, ಮುಂದೆ ಕೇಕು. ಹುಡುಗಿ ಅವರ ಮಗಳು. ಕಾಠ್ಮಂಡುವಿನಲ್ಲಿ ಒಳ್ಳೆ ಶಾಲೆಗೆ ಸೇರಿಸುತ್ತೇನೆ ಅಂತ ಊರಿನವರೊಬ್ಬರು ದುಡ್ಡು ತೆಗೆದುಕೊಂಡು ಕರೆದೊಯ್ದಿದ್ದರಂತೆ. ಬಿಟ್ಟಿದ್ದು ಒಂದು ಮಕ್ಕಳ ಆಶ್ರಮದಲ್ಲಿ. ಫೋಟೋ ಕೆಳಗೆ ಇಂಗ್ಲಿಷಿನಲ್ಲಿ ಹೀಗಿತ್ತು: ಭೂಕಂಪದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವಳು.

ಓದಿ ಹೇಳೋದು ಹೇಗೆ? ಅಪ್ಪ ನನ್ನೆದುರಿಗೇ ಟಾರ್ಚ್ ಹಿಡಿದು ನಿಂತಿದ್ದಾರೆ.

ಇದು ಒಂದು ಮಗುವಿನ ಕಥೆ ಅಲ್ಲ. 1996ರಿಂದ 2006ರವರೆಗೆ ನೇಪಾಳದಲ್ಲಿ ಅಂತರ್ಯುದ್ಧ ನಡೆಯಿತು. ಆಗಲೇ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಂದ ದಲ್ಲಾಳಿಗಳು ಮಕ್ಕಳನ್ನು ಓದಿಸುವ ಹೆಸರಿನಲ್ಲಿ ಕರೆದುಕೊಂಡು ಬಂದರು. ಸುಳ್ಳು ಕಾಗದ ಮಾಡಿಸಿ ಅನಾಥರು ಅಂತ ತೋರಿಸಿದರು. ಆಶ್ರಮಗಳು ಹೆಚ್ಚಾಗಿ ಎಲ್ಲಿವೆ ನೋಡಿ. ಕಾಠ್ಮಂಡು ಕಣಿವೆ, ಪೋಖರಾ, ಚಿತವನ್. ಅನಾಥ ಮಕ್ಕಳು ಜಾಸ್ತಿ ಇರುವ ಜಾಗಗಳಲ್ಲ ಅವು, ಪ್ರವಾಸಿಗರು ಜಾಸ್ತಿ ಬರುವ ಜಾಗಗಳು. ಆಶ್ರಮದ ಮಕ್ಕಳಲ್ಲಿ ಬಹುಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಭೂಕಂಪ ಆದ ಮೇಲೆ ಅಲ್ಲಿನ ಸರ್ಕಾರ ಅನುಮತಿ ಇಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸಬಾರದು ಅಂತ ತಡೆ ಹಾಕಿತು. ಹೊಸ ಆಶ್ರಮಗಳ ನೋಂದಣಿಯನ್ನೂ ನಿಲ್ಲಿಸಿತು. ಯಾಕೆ? ಮರುಕ ಪಟ್ಟು ಬರುವವರ ಬೆನ್ನಿಗೇ ಮಕ್ಕಳನ್ನು ಸಾಗಿಸುವವರೂ ಬರುತ್ತಾರೆ ಅಂತ ಗೊತ್ತಿತ್ತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ತಂದಾಗ ಈ ಬಗೆಯ ಸಾಗಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಧಾರವಾಡದ ಅಕ್ಕನ ಮನಸ್ಸಿನ ಬಗ್ಗೆ ನನಗೆ ಸಂಶಯ ಇಲ್ಲ. ಆ ಅಡುಗೆಯ ತಾಯಿಗೆ ಸೌದೆ ಒಡೆದುಕೊಟ್ಟಿದ್ದು ಒಳ್ಳೆ ಕೆಲಸವೇ. ಆದರೆ ಹನ್ನೊಂದು ಜನರ ಹೋಗಿ ಬರುವ ಖರ್ಚಿನಲ್ಲಿ ಅಲ್ಲಿಯವರೇ ಒಬ್ಬರನ್ನು ತಿಂಗಳುಗಟ್ಟಲೆ ಸಂಬಳಕ್ಕೆ ಇಡಬಹುದಿತ್ತು, ಅಲ್ವಾ? ಮಕ್ಕಳನ್ನೂ ನೆನೆಯಿರಿ. ಮೂರು ವಾರ ದೀದಿ ದೀದಿ ಅಂತ ಸೆರಗು ಹಿಡಿದು ಓಡಾಡಿದ ಮಗು, ನಾಲ್ಕನೇ ವಾರ ಗೇಟಿನ ಹತ್ತಿರ ನಿಂತು ಟಾಟಾ ಮಾಡುತ್ತದೆ. ಮುಂದಿನ ತಿಂಗಳು ಇನ್ನೊಬ್ಬ ದೀದಿ. ಹೀಗೆ ವರ್ಷಕ್ಕೆ ಎಷ್ಟು ಸಲ?

ಶಾಲೆ ಕಟ್ಟುವ ವಿಷಯದಲ್ಲಿ ನಾನು ಅಷ್ಟು ಗಟ್ಟಿಯಾಗಿ ಬೇಡ ಅನ್ನೋದಿಲ್ಲ. ಕಲ್ಲು ಹೊತ್ತರೆ ತಪ್ಪೇನಿಲ್ಲ, ಗೋಡೆ ಮುಟ್ಟಬಾರದು ಅಷ್ಟೇ. ಅಲ್ಲಿ ಬಿದ್ದಿದ್ದೆಲ್ಲ ಹೆಚ್ಚಾಗಿ ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಳು. ಗೋಡೆಯ ಆಚೆಯಿಂದ ಈಚೆಗೆ ಹಾಯುವ ಉದ್ದ ಕಲ್ಲು ಇಡದಿದ್ದರೆ, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಕೊಡದಿದ್ದರೆ, ನಡುಕಕ್ಕೆ ಗೋಡೆ ಎರಡು ಪದರವಾಗಿ ಸೀಳಿಕೊಳ್ಳುತ್ತದೆ. ಗಿಲಾವು ಆದ ಮೇಲೆ ಆ ತಪ್ಪು ಯಾರ ಕಣ್ಣಿಗೂ ಬೀಳೋದಿಲ್ಲ. ಭೂಕಂಪಕ್ಕೆ ಎಷ್ಟೋ ವರ್ಷ ಮೊದಲೇ ಕಾಠ್ಮಂಡು ಕಣಿವೆಯಲ್ಲಿ ಸ್ಥಳೀಯ ಮೇಸ್ತ್ರಿಗಳಿಗೆ ತರಬೇತಿ ಕೊಟ್ಟು, ನೂರಕ್ಕೂ ಜಾಸ್ತಿ ಶಾಲಾ ಕಟ್ಟಡಗಳನ್ನು ಬಲಪಡಿಸಿದ್ದರು. 2015ರಲ್ಲಿ ಅವು ನಿಂತವು. ದುಡ್ಡು ಹೋಗಬೇಕಾದ್ದು ಆ ಮೇಸ್ತ್ರಿಗಳ ಕೈಗೆ.

ವಾಚ್‌ಮನ್ ಮಗಳು ಮುಂದಿನ ದಸೈಂ ಹಬ್ಬಕ್ಕೆ, ಅಂದರೆ ನೇಪಾಳದ ದಸರೆಗೆ, ಊರಿಗೆ ಬಂದಳು. ಅಪ್ಪ ಕೆಲಸಕ್ಕೆ ರಜೆ ಹಾಕಿ, ತಾವೇ ಹೋಗಿ ಕರೆತಂದರು. ಆಶ್ರಮದವರು ಎರಡು ದಿನ ಬಾಗಿಲಲ್ಲೇ ಕೂರಿಸಿದ್ದರಂತೆ. ಈಗ ಅವಳು ಅಜ್ಜಿಯ ಜೊತೆ ಇದ್ದಾಳೆ, ಊರಿನ ಸರ್ಕಾರಿ ಶಾಲೆಗೇ ಹೋಗುತ್ತಾಳೆ. ಅವಳ ಸಮವಸ್ತ್ರ, ಪುಸ್ತಕದ ಖರ್ಚನ್ನು ನಮ್ಮ ಅಪಾರ್ಟ್‌ಮೆಂಟಿನ ಆರು ಮನೆಯವರು ಹಂಚಿಕೊಂಡಿದ್ದೇವೆ. ನಮ್ಮಲ್ಲಿ ಯಾರೂ ಆ ಊರನ್ನು ನೋಡಿಲ್ಲ.